ಬೈಯಲು ಒಬ್ಬರು ಬೇಕು

ಬೆಂಗಳೂರಿನ ಕಾರ್ಪೊರೇಟರ್‌ಗಳ ಹೆಸರು ಇತಿಹಾಸದಲ್ಲಿ ಉಳಿಯುತ್ತದೋ ಇಲ್ಲವೋ, ಪಾರ್ಕಿನ ಸಿಮೆಂಟ್ ಬೆಂಚಿನ ಮೇಲಂತೂ ಉಳಿಯುತ್ತದೆ. ಬೆನ್ನು ಒರಗಿಸುವ ಜಾಗದಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿರುತ್ತಾರೆ: ಇಂಥವರು, ಪಾಲಿಕೆ ಸದಸ್ಯರು, ಇವರ ಅನುದಾನದಲ್ಲಿ. ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಆ ಹೆಸರಿಗೇ ಒರಗಿ ಕುಳಿತು ಆ ಹೆಸರಿನವರನ್ನೇ ಬೈಯುತ್ತಾರೆ. ಬೆಂಚು ಸರಿಯಾಗಿ ಹಾಕಿಸಿಲ್ಲ, ಬೆನ್ನಿಗೆ ಒತ್ತುತ್ತೆ ಅಂತ ಶುರುವಾದ ಮಾತು ಚರಂಡಿ, ನಾಯಿ, ಬೀದಿ ದೀಪ ಎಲ್ಲವನ್ನೂ ಸುತ್ತಿಕೊಂಡು ತಿಂಡಿ ಹೊತ್ತಿಗೆ ಮುಗಿಯುತ್ತದೆ. ಬೈದವರಿಗೆ ಮನಸ್ಸು ಹಗುರ. ಬೈಸಿಕೊಂಡವರಿಗೆ ಗೊತ್ತೇ ಇರುವುದಿಲ್ಲ. ಯಾರಿಗೂ ನಷ್ಟವಿಲ್ಲದ ವ್ಯವಹಾರ.

ಈ ಸುಖಕ್ಕೂ ಈಗ ಕಲ್ಲು ಬಿದ್ದಿದೆ. ಬೆಂಚುಗಳಿವೆ, ಹೆಸರುಗಳಿವೆ, ಆದರೆ ಹೆಸರಿನವರೆಲ್ಲ ಮಾಜಿಗಳು. 2015ರಲ್ಲಿ ಆರಿಸಿ ಬಂದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಇನ್ನೊಂದು ಪೂರ್ತಿ ಅವಧಿಯಷ್ಟು ಕಾಲ, ಅಂದರೆ ಐದು ವರ್ಷ, ಚುನಾವಣೆ ಇಲ್ಲದೆಯೇ ಕಳೆದುಹೋಯಿತು. ಮಾಜಿಯನ್ನು ಬೈಯುವುದರಲ್ಲಿ ಏನು ರುಚಿ ಇದೆ ಹೇಳಿ? ಅವರೇ ನಮ್ಮ ಪಕ್ಕ ಬಂದು ಕುಳಿತು, 'ಹೌದು ಸಾರ್, ನಮ್ಮ ಕಾಲದಲ್ಲಿ ಹಿಂಗಿರಲಿಲ್ಲ' ಎಂದು ನಮಗಿಂತ ಜಾಸ್ತಿ ಬೈಯಲು ಶುರುಮಾಡುತ್ತಾರೆ.

ಸಂಸದರು ದೇಶದ ಮಾತಾಡಬೇಕು. ಶಾಸಕರು ರಾಜ್ಯದ ಮಾತಾಡಬೇಕು. ನಮ್ಮ ಗೇಟಿನ ಮುಂದಿನ ಚರಂಡಿಯ ಚಪ್ಪಡಿ ಒಡೆದಿದೆ ಎಂಬುದು ದೇಶದ ಮಾತೂ ಅಲ್ಲ, ರಾಜ್ಯದ ಮಾತೂ ಅಲ್ಲ. ಅದನ್ನು ಕೇಳಿಸಿಕೊಳ್ಳಲೆಂದೇ ಒಬ್ಬರು ಬೇಕಲ್ಲ, ಅವರೇ ಕಾರ್ಪೊರೇಟರ್. 2011ರ ಜನಗಣತಿಯಲ್ಲಿ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ವಾರ್ಡ್‌ಗಳು 198. ಭಾಗಿಸಿದರೆ ಒಬ್ಬೊಬ್ಬರ ತಲೆಗೆ ಸುಮಾರು 42 ಸಾವಿರ ಜನ. ಈ 42 ಸಾವಿರ ಜನರಲ್ಲಿ ಸಂತೋಷವಾಗಿರುವವರು ಕಾರ್ಪೊರೇಟರ್ ಮನೆಗೆ ಹೋಗುವುದಿಲ್ಲ. 'ನಮ್ಮ ಬೀದಿ ದೀಪ ಚೆನ್ನಾಗಿ ಉರೀತಿದೆ ಅಣ್ಣಾ, ಹೇಳಿ ಹೋಗೋಣ ಅಂತ ಬಂದೆ' ಎಂದು ಯಾರಾದರೂ ಹೇಳಿದ್ದುಂಟೇ?

ಕಾರ್ಪೊರೇಟರ್ ಮನೆಯ ಬೆಳಗು ಎಲ್ಲ ವಾರ್ಡಿನಲ್ಲೂ ಹೆಚ್ಚು ಕಡಿಮೆ ಒಂದೇ. ಗೇಟಿನ ಹತ್ತಿರ ಚಪ್ಪಲಿಗಳ ರಾಶಿ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಗೋಡೆಯ ಮೇಲೆ ಕೆಂಪೇಗೌಡರು, ಪಕ್ಷದ ನಾಯಕರು, ತಿರುಪತಿ ತಿಮ್ಮಪ್ಪ. ಕೈಯಲ್ಲಿ ಎರಡು ಫೋನ್ ಹಿಡಿದ ಒಬ್ಬ ಹುಡುಗ. ಅವನೇ ಪಿಎ. ಎಲ್ಲ ಮಾತಿಗೂ ಅವನದ್ದು 'ಆಯ್ತು ಬಿಡಿ' ಎಂಬ ಒಂದೇ ಉತ್ತರ. ಬಂದವರಲ್ಲಿ ಒಬ್ಬರಿಗೆ ಖಾತಾ ಬೇಕು. ಒಬ್ಬರಿಗೆ ಮಗನ ಶಾಲೆ ಸೀಟಿಗೆ ಒಂದು ಪತ್ರ ಬೇಕು. ಇನ್ನೊಬ್ಬರು ಮಗಳ ಮದುವೆ ಪತ್ರಿಕೆ ಹಿಡಿದು ಬಂದಿದ್ದಾರೆ, ಬರುವಾಗ ಛತ್ರದ ಮುಂದಿನ ಗುಂಡಿಯನ್ನೂ ಮುಚ್ಚಿಸಿಕೊಂಡೇ ಬರಬೇಕಂತೆ. ಮೂಲೆಯ ಕುರ್ಚಿಯಲ್ಲಿ ಗಂಡ ಹೆಂಡತಿ ಮುಖ ತಿರುಗಿಸಿ ಕುಳಿತಿದ್ದಾರೆ. ಸಂಸಾರದ ಜಗಳ ತೀರಿಸುವುದು ಪಾಲಿಕೆಯ ಯಾವ ಕಾಯ್ದೆಯಲ್ಲೂ ಇಲ್ಲ. ಆದರೂ ಮಾಡದಿದ್ದರೆ ಎರಡು ಮನೆಯ ವೋಟು ಹೋಗುತ್ತದೆ. ಈಗಂತೂ ಎರಡು ಬೇರೆ ಬೇರೆ ಮನೆಯೇ ತಾನೆ.

2015ರ ಚುನಾವಣೆಯಲ್ಲಿ ಅರ್ಧ ಸೀಟು ಮಹಿಳೆಯರಿಗೆ ಮೀಸಲಾಗಿತ್ತು. ನಮ್ಮ ವಾರ್ಡಿಗೂ ಒಬ್ಬ ಹೆಂಗಸು ಬಂದರು. ಬೋರ್ಡಿನಲ್ಲಿ ಅವರ ಹೆಸರು, ಅದರ ಕೆಳಗೆ ಯಜಮಾನರ ಫೋನ್ ನಂಬರ್. ಮೊದಮೊದಲು ಯಜಮಾನರದ್ದೇ ಮಾತು, ಇವರದ್ದು ಸಹಿ. ಯಜಮಾನರು ಬೇಲ್‌ಪುರಿ ಗಾಡಿಯಿಂದ ಹಿಡಿದು ಫ್ಲೈಓವರ್ ತನಕ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬೀದಿಯ ಹೆಂಗಸರಿಗೆ ಫ್ಲೈಓವರ್ ಬೇಕಿರಲಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರಲಿ ಪರವಾಗಿಲ್ಲ, ಆದರೆ ಯಾವ ಹೊತ್ತಿಗೆ ಅಂತ ಹೇಳಿ ಬರಲಿ ಎನ್ನುವುದಷ್ಟೇ ಅವರ ಬೇಡಿಕೆ. ಅದನ್ನು ಅವರು ಯಜಮಾನರನ್ನು ದಾಟಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೇ ಹೋಗಿ ಹೇಳಿದರು. ಒಳಗಿನಿಂದಲೇ ನೀರು ಬಿಡುವವನಿಗೆ ಫೋನ್ ಹೋಯಿತು. ಒಂದು ಸಲ ಹಾಗೆ ಕೆಲಸ ಆಯಿತು ನೋಡಿ, ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳು ಖಾಲಿಯಾಗುತ್ತಾ ಬಂದವು. ಕೊನೆಗೆ ಯಜಮಾನರೇ ಹೊರಗೆ ಪೇಪರ್ ಓದುತ್ತಾ ಕುಳಿತು, ಬಂದವರಿಗೆ 'ಮೇಡಂ ಒಳಗಿದ್ದಾರೆ, ಹೋಗಿ' ಎಂದು ದಾರಿ ತೋರಿಸುವವರಾದರು. ಪಾಪ, ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು.

ಈ ಫೋನ್ ವಿದ್ಯೆ ಸುಲಭದ್ದಲ್ಲ. ಒಂದು ಮೂವತ್ತಡಿ ರಸ್ತೆಯ ತುಂಡನ್ನೇ ತೆಗೆದುಕೊಳ್ಳಿ. ಮೇಲಿನ ಟಾರು ಪಾಲಿಕೆಯದ್ದು. ಅದರಡಿಯ ಪೈಪು, ಮ್ಯಾನ್‌ಹೋಲು ಜಲಮಂಡಳಿಯದ್ದು, 1964ರಿಂದ. ತಲೆಯ ಮೇಲಿನ ತಂತಿ, ಫುಟ್‌ಪಾತಿನಲ್ಲಿ ಕಾಲು ಚಾಚಿಕೊಂಡಿರುವ ಟ್ರಾನ್ಸ್‌ಫಾರ್ಮರು ಬೆಸ್ಕಾಂನದ್ದು, 2002ರಿಂದ. ಅದೇ ಫುಟ್‌ಪಾತಿನ ಕಲ್ಲು ಮಾತ್ರ ಮತ್ತೆ ಪಾಲಿಕೆಯದ್ದು. ರಸ್ತೆಯಲ್ಲಿ ಹೋಗುವ ಬಸ್ಸು ಬಿಎಂಟಿಸಿಯದ್ದು. ಬಡಾವಣೆ ಮಾಡಿ ಸೈಟು ಹಂಚಿದ್ದು ಬಿಡಿಎ. ಬೆಂಗಳೂರಿನವರು ಗುಂಡಿಗೆ ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಏಟಾಯ್ತಾ' ಅಂತಲ್ಲ, 'ಯಾರ ಗುಂಡಿ' ಅಂತ. ಗುಂಡಿ ಟಾರು ಕಿತ್ತು ಆದದ್ದೋ, ಪೈಪು ಒಡೆದು ಆದದ್ದೋ, ಕೇಬಲ್ ಎಳೆಯಲು ಅಗೆದು ಆದದ್ದೋ ಎಂಬುದರ ಮೇಲೆ ಕಚೇರಿ ಬದಲಾಗುತ್ತದೆ.

ಕಾರ್ಪೊರೇಟರ್‌ಗೆ ಇವರಲ್ಲಿ ಅರ್ಧ ಜನರ ಮೇಲೆ ಏನೂ ಅಧಿಕಾರ ಇಲ್ಲ. ಅಧಿಕಾರ ಕಡಿಮೆ, ಫೋನ್ ನಂಬರ್ ಜಾಸ್ತಿ. ವಾರ್ಡ್ ಎಂಜಿನಿಯರ್, ಹೆಲ್ತ್ ಇನ್‌ಸ್ಪೆಕ್ಟರ್, ಲೈನ್‌ಮನ್, ನೀರು ಬಿಡುವವನು, ಕಸದ ಆಟೋ ಟಿಪ್ಪರ್ ಡ್ರೈವರ್, ಠಾಣೆಯ ರೈಟರ್, ಎಲ್ಲರೂ ಅವರ ಫೋನಿನೊಳಗೆ ಅಕ್ಕಪಕ್ಕದವರು. ಹೊರಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಲಾಖೆಗಳು ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ. ಜನಕ್ಕೆ ಬೇಕಾದದ್ದೂ ಅಷ್ಟೇ. ಗುಂಡಿ ಯಾರದ್ದಾದರೂ ಆಗಲಿ, ಹೇಳಬೇಕಾದ ಮನೆ ಒಂದೇ ಆಗಿರಬೇಕು.

ಮರದ ವಿಷಯ ಬಂದರೆ ಮಾತ್ರ ಎಂಥ ಕಾರ್ಪೊರೇಟರ್ ಕೂಡ ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಹೊಂಗೆ ಮರದ ಎಲೆ ಉದುರಿ ಸಂಪ್ ತುಂಬುತ್ತದೆ, ಕೊಂಬೆ ಕಡಿಸಿ ಎಂದು ಎಡಗಡೆ ಮನೆ. ಒಂದು ಎಲೆ ಮುಟ್ಟಿದರೂ ಕೋರ್ಟಿಗೆ ಹೋಗುತ್ತೇನೆ ಎಂದು ಬಲಗಡೆ ಮನೆ. 1976ರ ಮರ ಸಂರಕ್ಷಣೆಯ ಕಾನೂನಿನ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಇದು ಕಾರ್ಪೊರೇಟರ್ ಪಾಲಿಗೆ ದೇವರು ಕೊಟ್ಟ ಕಾನೂನು. 'ನನ್ನ ಕೈಯಲ್ಲೇನೂ ಇಲ್ಲ, ಅಧಿಕಾರಿಗಳು ಬಂದು ನೋಡ್ತಾರೆ' ಎಂದು ಎರಡೂ ಮನೆಯಲ್ಲಿ ಕಾಫಿ ಕುಡಿದು ಬರಬಹುದು. ಏಪ್ರಿಲ್ ತಿಂಗಳಲ್ಲಿ ಒಂದು ಗಾಳಿ ಮಳೆ ಬರುತ್ತದೆ, ಕೊಂಬೆ ತಾನೇ ಎಡಗಡೆಯವರ ಕಾರಿನ ಮೇಲೆ ಬಿದ್ದು ತೀರ್ಪು ಕೊಡುತ್ತದೆ.

ಕಸದ ಕಥೆ ಇದಕ್ಕಿಂತ ದೊಡ್ಡದು. 2012ರಲ್ಲಿ ಮಾವಳ್ಳಿಪುರದ ಜನ ಸಾಕಪ್ಪಾ ಸಾಕು ಎಂದು ಎದ್ದು ನಿಂತು ಅಲ್ಲಿ ಬೆಂಗಳೂರು ಸುರಿಯುತ್ತಿದ್ದ ಕಸದ ಗುಡ್ಡ ಮುಚ್ಚಿಸಿದಾಗ ಇಡೀ ಬೆಂಗಳೂರು ಮೂಗು ಮುಚ್ಚಿಕೊಂಡಿತ್ತು. ಹಸಿ ಕಸ, ಒಣ ಕಸ ಎಂದು ಬೇರೆ ಮಾಡುವ ಪಾಠ ಮನೆ ಮನೆಗೆ ಬಂದದ್ದು ಆಮೇಲೆಯೇ. ಪಾಠ ಕಲಿತವರು ಕಲಿತರು. ಕಲಿಯದವರು ರಾತ್ರಿ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಬಂದು, ಗಾಡಿ ನಿಲ್ಲಿಸದೇನೇ ಕವರ್ ಎಸೆಯುವ ವಿದ್ಯೆ ಕಲಿತರು. ನಮ್ಮ ಮುಖ್ಯರಸ್ತೆಯ ತಿರುವಿನಲ್ಲೂ ಅಂಥ ಒಂದು ಜಾಗವಿತ್ತು. ಮೇಡಂ ಅಲ್ಲಿ ಪೌರಕಾರ್ಮಿಕರಿಂದ ಗುಡಿಸಿಸಿ, ನೀರು ಹಾಕಿಸಿ, ದೊಡ್ಡದೊಂದು ರಂಗೋಲಿ ಬಿಡಿಸಿದರು. ಗೋಡೆಗೆ ಸರ್ವಧರ್ಮದ ದೇವರ ಟೈಲ್ಸ್ ಅಂಟಿಸಿದರು. ಕೆಲವು ದಿನ ತಾವೇ ಬೆಳಗ್ಗೆ ಹೋಗಿ ನಿಂತರು. ಆಶ್ಚರ್ಯ, ಕಸ ನಿಂತಿತು.

ನಿಂತಿರಲಿಲ್ಲ. ರಸ್ತೆ ದಾಟಿತ್ತು ಅಷ್ಟೇ. ವಾರ್ಡಿನ ಗಡಿ ನಮ್ಮ ಮುಖ್ಯರಸ್ತೆಯ ನಟ್ಟನಡುವೆ ಹೋಗುತ್ತದೆ, ಎದುರುಗಡೆ ಫುಟ್‌ಪಾತ್ ಬೇರೆ ವಾರ್ಡು, ಬೇರೆ ಪಕ್ಷ. ಆಚೆಯವರು ಸುಮ್ಮನಿರುತ್ತಾರೆಯೇ? ಅವರೂ ರಂಗೋಲಿ ಹಾಕಿಸಿದರು, ಅವರ ಟೈಲ್ಸ್ ದೇವರು ಇನ್ನೂ ದೊಡ್ಡದಿದ್ದ. ಕಸ ಈಚೆಗೆ ಬಂತು. ಹೀಗೆ ಒಂದು ಮಳೆಗಾಲವಿಡೀ ಕಸ ಆ ಕಡೆ ಈ ಕಡೆ ಓಡಾಡಿತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಇಬ್ಬರಿಗೂ ಒಂದೇ ಪತ್ರ ಬರೆದು, ಇಬ್ಬರನ್ನೂ ಒಂದೇ ಗಣೇಶನ ಪೆಂಡಾಲಿಗೆ ಮುಖ್ಯ ಅತಿಥಿಗಳಾಗಿ ಕರೆಸಿದರು. ವೇದಿಕೆಯ ಮೇಲೆ, ಎಲ್ಲರ ಎದುರಿಗೆ, ಮೈಕ್ ಹಿಡಿದುಕೊಂಡೇ ಮಾತು ತೆಗೆದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹಾರ ಬೇರೆ ಹಾಕಿಯಾಗಿತ್ತು. ಮಾರನೇ ವಾರದಿಂದ ಎರಡೂ ಬದಿಗೆ ಒಂದೇ ಹೊತ್ತಿಗೆ ಟಿಪ್ಪರ್ ಬರತೊಡಗಿತು. ಕಸ ಮೂರನೆಯ ವಾರ್ಡಿಗೆ ಹೋಯಿತೆಂದು ಸುದ್ದಿ. ಅಲ್ಲಿ ಯಾರು ಯಾವ ದೇವರನ್ನು ಅಂಟಿಸಿದರೋ.

ಇವರೆಲ್ಲ ಸಾಧುಗಳು ಅಂತ ನಾನು ಹೇಳುತ್ತಿಲ್ಲ. ಗಟ್ಟಿಮುಟ್ಟಾದ ಕಲ್ಲು ಚಪ್ಪಡಿ ಕಿತ್ತು ಟೈಲ್ಸ್ ಹಾಕಿ, ಎರಡು ವರ್ಷಕ್ಕೆ ಟೈಲ್ಸ್ ಕಿತ್ತು ಮತ್ತೆ ಚಪ್ಪಡಿ ಹಾಕಿದ್ದನ್ನು ನೋಡಿದವರಿಗೆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಫ್ಲೆಕ್ಸ್. ಹುಟ್ಟುಹಬ್ಬದ ಶುಭಾಶಯ ಕೋರುವ ಒಂದು ಫ್ಲೆಕ್ಸಿನಲ್ಲಿ ಹುಟ್ಟಿದವರದ್ದೊಂದು ಮುಖ, ಕೋರುವವರದ್ದು ಇಪ್ಪತ್ತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸ್‌ಗಳೆಲ್ಲ ಇಳಿದವು. ಆಗ ನಮ್ಮ ಸರ್ಕಲ್ಲಿನಲ್ಲಿ ಒಂದು ಔಷಧಿ ಅಂಗಡಿ ಇರುವುದು ಹೊಸಬರಿಗೆ ತಿಳಿಯಿತು.

ಇಷ್ಟೆಲ್ಲ ಇದ್ದೂ, ಅವರಿಲ್ಲದ ವರ್ಷಗಳಲ್ಲಿ ಬೀದಿಗೆ ಏನೋ ಸಪ್ಪೆ ಹಿಡಿದಿತ್ತು. ದೂರು ಕೊಡಲು ದಾರಿ ಇಲ್ಲವೆಂದಲ್ಲ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಬಹುದು. ಆ್ಯಪ್‌ನಲ್ಲಿ ಫೋಟೊ ಹಾಕಬಹುದು. ದೂರಿಗೊಂದು ಉದ್ದನೆಯ ನಂಬರ್ ಸಿಗುತ್ತದೆ. ಆ ನಂಬರ್ ನಿಮ್ಮ ಮಗಳ ಮದುವೆಗೆ ಬರುವುದಿಲ್ಲ. ಹಾಲಿನ ಬೂತಿನ ಹತ್ತಿರ ಎದುರಿಗೆ ಸಿಕ್ಕಿ, ನಿಮ್ಮನ್ನು ಕಂಡು ಕಣ್ಣು ತಪ್ಪಿಸುವುದಿಲ್ಲ. ಅದಕ್ಕೆ ನಾಚಿಕೆ ಆಗುವುದಿಲ್ಲ. ನಾನಂತೂ ನಂಬುವುದು ಹೀಗೆ: ಬೆಂಗಳೂರಿನ ಎಷ್ಟೋ ಬೀದಿ ದೀಪಗಳು ಹತ್ತಿದ್ದು ಕಾನೂನಿನಿಂದಲ್ಲ, ನಾಳೆ ಬೆಳಗ್ಗೆ ಇವರ ಮುಖ ನೋಡಬೇಕಲ್ಲಪ್ಪಾ ಎಂಬ ಮುಜುಗರದಿಂದ. ಕಾರ್ಪೊರೇಟರ್‌ಗಳ ಜಾಗದಲ್ಲಿ ಕೂತ ಐಎಎಸ್ ಆಡಳಿತಾಧಿಕಾರಿ ಎಷ್ಟೇ ಒಳ್ಳೆಯವರಿರಲಿ, ನಮ್ಮ ಹಾಲಿನ ಬೂತಿಗೆ ಬರುವವರಲ್ಲ. ಇನ್ನು ಉಳಿದವರು ನಗರದ 28 ಶಾಸಕರು. 198 ಮನೆಗಳ ಚಪ್ಪಲಿ ರಾಶಿ 28 ಮನೆಗಳ ಮುಂದೆ ಬಿದ್ದರೆ ಏನಾದೀತು? ವಿಧಾನಸೌಧದಲ್ಲಿ ಮಸೂದೆ ಓದಬೇಕಾದವರು ಮ್ಯಾನ್‌ಹೋಲ್ ಮುಚ್ಚಳದ ಅಳತೆ ಕೇಳುತ್ತಿದ್ದಾರೆ.

ಹೀಗೆ ಖಾಲಿ ಬಿದ್ದದ್ದು ಮೊದಲ ಸಲವೂ ಅಲ್ಲ. ಹಳೆಯ ನೂರು ವಾರ್ಡಿಗೆ ಸುತ್ತಲಿನ ಪುರಸಭೆ, ನಗರಸಭೆ, ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದ್ದು 2007ರಲ್ಲಿ. ಅದಕ್ಕೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ನಮ್ಮೂರಿಗೆ ಆಡಳಿತವನ್ನು ಕೂಡಿಸಿ ಕಳೆಯುವ ಚಟ ಮೊದಲಿನಿಂದಲೂ ಇದೆ. 1862ರಲ್ಲಿ ಪುರಸಭೆ ಬಂದ ಕಾಲದಿಂದ ಪೇಟೆಗೊಂದು, ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಇನ್ನೊಂದು ಎಂದು ನಡೆದಿತ್ತು. 1949ರಲ್ಲಿ ಎರಡೂ ಸೇರಿ ಒಂದಾದವು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಐದಾಯಿತು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡುಗಳು 369 ಎಂದು ಗೊತ್ತುಮಾಡಿದರು. ಅಂದರೆ ಬೈಸಿಕೊಳ್ಳುವವರ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟು. ಪಾರ್ಕಿನ ಹಿರಿಯರ ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ.

ವಾರ್ಡ್ ಪಟ್ಟಿ ಬಂದದ್ದೇ ತಡ, ಆಕಾಂಕ್ಷಿಗಳೂ ಬಂದರು. ಹೋದ ವರ್ಷದ ತನಕ ನಮಸ್ಕಾರ ಮಾಡಿದರೂ ನೋಡದವರು ಈಗ ದೂರದಿಂದಲೇ ಕೈ ಮುಗಿಯುತ್ತಾರೆ. ಕ್ಯಾಲೆಂಡರ್ ಬಂತು, ಮಕ್ಕಳಿಗೆ ನೋಟ್‌ಬುಕ್ ಬಂತು. ಅಣ್ಣಮ್ಮನ ಉತ್ಸವಕ್ಕೆ ಕೇಳದೆಯೇ ಚಂದಾ ಬಂತು. ರಾಜ್ಯೋತ್ಸವದ ದಿನ ಒಂದೇ ಆಟೋ ಸ್ಟ್ಯಾಂಡಿಗೆ ಮೂವರು ಬಂದು ಮೂರು ಸಲ ಬಾವುಟ ಏರಿಸಿದರು. ಆಟೋದವರು ಮೂರು ಸಲವೂ ಸಿಹಿ ತಿಂದರು.

ಅವರಲ್ಲೊಬ್ಬ ಹುಡುಗ ಹೋದ ಭಾನುವಾರ ನಮ್ಮ ಕ್ರಾಸಿಗೆ ಬಂದಿದ್ದ. ಬಿಳಿ ಶರ್ಟು, ಜೊತೆಗೆ ನಾಲ್ಕು ಜನ, ಮನೆ ಮನೆಗೂ ತುಳಸಿ ಗಿಡ. ಎದುರು ಮನೆಯ ಅಜ್ಜಿ ಗಿಡ ಇಸಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿದರು.

'ಮನೆ ಎಲ್ಲಪ್ಪಾ ನಿಂದು?'

'ಇಲ್ಲೇ ಅಜ್ಜೀ, ಮೂರನೇ ಕ್ರಾಸು. ಹಳೇ ಹಿಟ್ಟಿನ ಗಿರಣಿ ಪಕ್ಕ.'

'ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀಯ?'

ಹುಡುಗ ಪಕ್ಕದವರ ಮುಖ ನೋಡಿದ. ಆಮೇಲೆ ಧೈರ್ಯ ಮಾಡಿ, 'ಐದೂವರೆಗೆಲ್ಲ ಎದ್ಬಿಡ್ತೀನಿ' ಎಂದ.

'ನೀರು ಬರೋದು ನಾಲ್ಕೂಮುಕ್ಕಾಲಿಗೆ' ಎಂದರು ಅಜ್ಜಿ. 'ಈಗಿಂದಲೇ ಅಭ್ಯಾಸ ಮಾಡ್ಕೋ.'