ಕೂಸಿನ ನಗು ಅಪ್ಪನ ಹಾಗೇ ಇದೆ

ನ್ಯೂಯಾರ್ಕಿನ ನಾಟಕ ಬೀದಿ ಬ್ರಾಡ್‌ವೇಯ ಸೀಸನ್ ಗೈಡ್, ಅಂದರೆ ಬರಲಿರುವ ನಾಟಕಗಳ ಪಟ್ಟಿ, ಈ ಸಲವೂ ಬಂತು. ಎಂದಿನಂತೆ ಎಲ್ಲವೂ ‘ನೋಡಲೇಬೇಕಾದ’ ನಾಟಕಗಳೇ. ತೊಂದರೆ ಒಂದೇ, ಬರೆದವರು ಒಂದನ್ನೂ ನೋಡಿಲ್ಲ. ಪಾಪ, ನೋಡೋದಾದರೂ ಹೇಗೆ? ಎಷ್ಟೋ ನಾಟಕಗಳ ತಾಲೀಮೇ ಶುರುವಾಗಿಲ್ಲ. ಯಾವುದೋ ಒಂದರ ಎರಡನೇ ಅಂಕ ಇನ್ನೂ ಬರೆಯುವವನ ತಲೆಯಲ್ಲೇ ಇರಬೇಕು. ಆದರೂ ಅದು ಆಗಲೇ ‘ಮನ ಕಲಕುವ’ ನಾಟಕ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸೋರನ್ನು ಕಂಡಿದ್ದೇವೆ. ಇವರು ಕೂಸಿನ ನಗು ಥೇಟ್ ಅಪ್ಪನದೇ ಅಂತಲೂ ಬರೆದುಬಿಡುತ್ತಾರೆ.

ಗೈಡ್ ಓದೋದೂ ಒಂದು ವಿದ್ಯೆ. ಪುಟದ ಮುಕ್ಕಾಲು ಭಾಗ ಸಿನಿಮಾ ನಟನ ಮುಖ. ಅದರ ಗದ್ದದ ಕೆಳಗೆ ನಾಟಕದ ಹೆಸರು. ಬರೆದವರ ಹೆಸರು ಬೇಕಿದ್ದರೆ ಕನ್ನಡಕ ಹುಡುಕಿ. ‘ದಿಟ್ಟ ಪ್ರಯೋಗ’ ಅಂದರೆ ಇಂಟರ್ವಲ್ ಇಲ್ಲ. ‘ನಿಮ್ಮ ಮೆಚ್ಚಿನ ಸಿನಿಮಾ ಈಗ ಮ್ಯೂಸಿಕಲ್ ಆಗಿ’ ಅಂದರೆ ಹೊಸ ಕಥೆಗೆ ದುಡ್ಡು ಹಾಕುವವರು ಸಿಗಲಿಲ್ಲ. ‘ಕೆಲವೇ ವಾರ ಮಾತ್ರ’ ಅನ್ನೋದು ಟಿಕೆಟ್ ಖರ್ಚಾಗುವವರೆಗೆ ಮಾತ್ರ.

ಇನ್ನು ದಿನಾಂಕಗಳು. ಸ್ಪೈಡರ್‌ಮ್ಯಾನ್ ಮ್ಯೂಸಿಕಲ್ ಮರೆತಿಲ್ಲ ಅಲ್ವಾ? ಸುಮಾರು ಏಳೂವರೆ ಕೋಟಿ ಡಾಲರ್ ಸುರಿದ ಬಾಬತ್ತು. 2010ರ ನವೆಂಬರ್‌ನಲ್ಲಿ ಪ್ರಿವ್ಯೂ, ಅಂದರೆ ಉದ್ಘಾಟನೆಗೆ ಮುಂಚಿನ ಪ್ರದರ್ಶನ, ಶುರುವಾಯಿತು. ಉದ್ಘಾಟನೆ ಮಾತ್ರ ಇವತ್ತು ನಾಳೆ ಅಂತ ಮುಂದೆ ಹೋಗುತ್ತಲೇ ಇತ್ತು. ನಡುವೆ ನಟನೊಬ್ಬ ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ. ನಿರ್ದೇಶಕಿ ಹೊರಗೆ ಹೋದರು. ಕಾದು ಸಾಕಾದ ವಿಮರ್ಶಕರು ಫೆಬ್ರವರಿಯಲ್ಲೇ ಟಿಕೆಟ್ ಕೊಂಡು ನೋಡಿ ಬೈದು ಬರೆದರು. ಕೊನೆಗೆ 182 ಪ್ರಿವ್ಯೂ ಮುಗಿದು 2011ರ ಜೂನ್ 14ಕ್ಕೆ ಉದ್ಘಾಟನೆ ಆಯಿತು. ‘ಮೂಸ್ ಮರ್ಡರ್ಸ್’ ನಾಟಕ ಇದಕ್ಕೆ ಪೂರ್ತಿ ಉಲ್ಟಾ. 1983ರ ಫೆಬ್ರವರಿ 22ರಂದು ಉದ್ಘಾಟನೆ, ಅವತ್ತೇ ಮಂಗಳ. ಅಂಥ ಶಿಸ್ತು ಈಗ ಎಲ್ಲಿದೆ!

ಹೊಗಳಿಕೆ ಅಂದಾಗಲೆಲ್ಲ ನನಗೆ ನಿರ್ಮಾಪಕ ಡೇವಿಡ್ ಮೆರಿಕ್ ನೆನಪಾಗುತ್ತಾನೆ. 1961ರ ಡಿಸೆಂಬರ್‌ನಲ್ಲಿ ಅವನ ‘ಸಬ್‌ವೇಸ್ ಆರ್ ಫಾರ್ ಸ್ಲೀಪಿಂಗ್’ ಬಂತು. ವಿಮರ್ಶೆಗಳು ಸಪ್ಪೆ. ಆಸಾಮಿ ಫೋನ್ ಡೈರೆಕ್ಟರಿ ಬಿಡಿಸಿದ. ಏಳು ದೊಡ್ಡ ವಿಮರ್ಶಕರ ಹೆಸರೇ ಇಟ್ಟುಕೊಂಡ ಏಳು ಜನ ಸಾಮಾನ್ಯರನ್ನು ಹುಡುಕಿ ನಾಟಕ ತೋರಿಸಿದ. ಅವರ ಹೆಸರಲ್ಲಿ ಹೊಗಳಿಕೆ, ಜೊತೆಗೆ ಅವರವರ ಫೋಟೊ ಹಾಕಿ ಜಾಹೀರಾತು ಮಾಡಿದ. ಒಂದು ಪತ್ರಿಕೆಯ ಒಂದು ಆವೃತ್ತಿಯಲ್ಲಿ ಅಚ್ಚಾಗಿಯೇ ಹೋಯಿತು! ಈ ಉಪಾಯ ಅವನಿಗೆ ಮೊದಲೇ ಹೊಳೆದಿತ್ತಂತೆ. ಆದರೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕ ಬ್ರೂಕ್ಸ್ ಅಟ್ಕಿನ್ಸನ್ ನಿವೃತ್ತರಾಗುವವರೆಗೆ ಕಾಯಬೇಕಾಯಿತು. ಆ ಹೆಸರಿನವರು ಇನ್ನೊಬ್ಬರು ಸಿಗಲಿಲ್ಲವಂತೆ. ಮೋಸವೇ, ಇಲ್ಲ ಅನ್ನೋಲ್ಲ. ಆದರೆ ಆ ಏಳು ಜನ ಕುರ್ಚಿಯಲ್ಲಿ ಕೂತು ನಾಟಕ ನೋಡಿದ್ದರು ಸ್ವಾಮಿ.

ಇಷ್ಟೆಲ್ಲ ಬರೆಯುವ ಗೈಡ್, ಟಿಕೆಟ್ ಬೆಲೆ ಬಂದಾಗ ಮಾತ್ರ ಗಪ್‌ಚುಪ್. 2025ರಲ್ಲಿ ಡೆಂಜೆಲ್ ವಾಷಿಂಗ್ಟನ್ ನಟಿಸಿದ ‘ಒಥೆಲೊ’ಗೆ ಒಳ್ಳೆ ಸೀಟು 921 ಡಾಲರ್‌ವರೆಗೆ ಹೋಯಿತು. ಅಷ್ಟು ಕೊಟ್ಟು ಯಾರು ನೋಡಬೇಕು? ಪಾಠ ಹೇಳುವ ಮೇಷ್ಟ್ರಾ, ಟ್ಯಾಕ್ಸಿ ಓಡಿಸೋನಾ? ‘ನೋಡಲೇಬೇಕು’ ಅಂತ ಬರೆಯೋರಿಗೆ ಪುಕ್ಕಟೆ ಪಾಸು ಬರುತ್ತದೆ. ನೋಡಲೇಬೇಕಾದವರು ಮನೆ ಬಾಡಿಗೆ ಕಟ್ಟಬೇಕು. ನಾಟಕ ಹುಚ್ಚಿನವರನ್ನೇ ಥಿಯೇಟರಿನಿಂದ ಆಚೆ ಹಾಕಿ, ಅವರ ಕೈಗೇ ಬಣ್ಣದ ಪಟ್ಟಿ ಕೊಡುತ್ತೀರಲ್ಲ, ನಾಚಿಕೆ ಆಗೋಲ್ವಾ? ನಗಿಸೋಣ ಅಂತಲೇ ಕೂತಿದ್ದೆ. ಆಗುತ್ತಿಲ್ಲ.

ಕೊನೇ ಪುಟದ ಮೂಲೆಯಲ್ಲಿ ಒಂದು ಪುಟ್ಟ ನಾಟಕ ಇದೆ. ಫೋಟೊ ಇಲ್ಲ. ಊರುಬಿಟ್ಟ ಅಣ್ಣ ಮನೆಗೆ ವಾಪಸ್ ಬರುವ ಕಥೆ ಅಂತ ಒಂದೂವರೆ ಸಾಲು, ಅಷ್ಟೇ. ಹೊಗಳೋಕೆ ಜಾಗ ಸಾಲದೆ ಸುಮ್ನೆ ಬಿಟ್ಟಿದ್ದಾರೆ. ಪೆನ್ನಲ್ಲಿ ಅದಕ್ಕೊಂದು ಟಿಕ್ ಹಾಕಿಟ್ಟಿದ್ದೇನೆ.