ಎರಡು ವಾರದ ಗ್ಲೋಬಲ್ ಸೇವೆ, ಮೈಸೂರು ಪೇಟ ಸಮೇತ

ಅಮೆರಿಕ, ಇಂಗ್ಲೆಂಡಿನ ನರ್ಸಿಂಗ್ ಕಾಲೇಜುಗಳಿಗೆ ಬೇಸಿಗೆ ರಜೆ ಸಿಕ್ಕಿತು ಎಂದರೆ ನಮ್ಮ ಮೈಸೂರು ಸೀಮೆಯ ಅಜ್ಜಿಯರ ಬಿ.ಪಿ.ಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಇಲ್ಲಿಗೆ ಬಂದು ಸೇವೆ ಮಾಡಿ ಹೋಗುವುದಕ್ಕೊಂದು ಕಾರ್ಯಕ್ರಮವೇ ಇದೆ, ಗ್ಲೋಬಲ್ ಹೆಲ್ತ್ ಅಂತ. ಅವಧಿ ಎರಡು ವಾರ. ಫೀಸು ಡಾಲರ್ ಲೆಕ್ಕದಲ್ಲಿ. ಮುಗಿಸಿ ಹೋದವರಿಗೆ ಡಿಗ್ರಿಗೆ ಸೇರುವ ಕ್ರೆಡಿಟ್ಟು, ಜೊತೆಗೊಂದು ಸರ್ಟಿಫಿಕೇಟು.

ಎರಡು ವಾರದಲ್ಲಿ ಏನೇನು ಮಾಡುತ್ತಾರೆ ಅಂತೀರಾ? ಮೊದಲ ದಿನ ಪ್ರಯಾಣದಿಂದ ಸುಧಾರಿಸಿಕೊಳ್ಳುವುದು. ಎರಡನೇ ದಿನ ಯೋಗ ಮತ್ತು ಭಾರತೀಯ ಸಂಸ್ಕೃತಿ. ಮೂರನೇ ದಿನ ಹಳ್ಳಿ. ನಾಲ್ಕನೇ ದಿನ, ಹಳ್ಳಿಯಲ್ಲಿ ಕುಡಿದ ನೀರಿನಿಂದ ಸುಧಾರಿಸಿಕೊಳ್ಳುವುದು. ಶನಿವಾರ ಕಬಿನಿಯಲ್ಲಿ ಸಫಾರಿ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ, ಸಂಜೆ ಏಳಕ್ಕೆ ಅರಮನೆಯ ದೀಪ. ಕೊನೆಯ ದಿನ ಸಮಾರೋಪ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ. ನಡುವೆ ಮಿಕ್ಕ ಐದಾರು ದಿನದಲ್ಲಿ ಜಗತ್ತಿನ ಆರೋಗ್ಯ ನೆಟ್ಟಗಾಗಬೇಕು.

ಇಂಥದ್ದೊಂದು ಶಿಬಿರಕ್ಕೆ ನಾನೂ ಹೋಗಿದ್ದೆ, ಸುಮ್ನೆ ನೋಡೋಣ ಅಂತ. ಸರ್ಕಾರಿ ಶಾಲೆಯ ಜಗಲಿ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅವುಗಳ ಹಿಂದೆ ಶಾಲೆಯ ಎರಡೂ ಕಿಟಕಿ ಮುಚ್ಚುವಷ್ಟು ದೊಡ್ಡ ಬ್ಯಾನರು. ನೀಲಿ ಸ್ಕ್ರಬ್ಸ್ ತೊಟ್ಟ ವಿದೇಶಿ ಹುಡುಗಿಯರು. ಒಳ್ಳೆ ಮಕ್ಕಳು, ಪಾಪ, ಬಿಸಿಲಿಗೆ ಮುಖ ಕೆಂಪಗಾಗಿತ್ತು. ಒಬ್ಬ ಅಜ್ಜಿ ಬಂದು ಕೂತಳು. ಹುಡುಗಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆಯತೊಡಗಿದಳು. ಅಜ್ಜಿ ಅವಳ ಮುಖವನ್ನೇ ನೋಡಿ ಕೇಳಿದಳು:

"ಯಾವೂರವ್ವ ನಿಂದು? ಊಟ ಆಯ್ತಾ? ಮದ್ವೆ ಆಗಿಲ್ವಾ ಇನ್ನೂವೆ? ಇಷ್ಟ್ ದೂರ ಎಂಗ್ ಕಳಿಸುದ್ಲು ನಿಮ್ಮವ್ವ?"

ಪಕ್ಕದಲ್ಲಿ ನಿಂತಿದ್ದ ನಮ್ಮ ಹುಡುಗಿ ಇದನ್ನು ಇಂಗ್ಲಿಷಿಗೆ ತಂದಳು: ನಿಮ್ಮನ್ನು ನೋಡಿ ಅಜ್ಜಿಗೆ ತುಂಬಾ ಸಂತೋಷವಾಗಿದೆ.

ಬಿ.ಪಿ. 170 ಬಂತು. ವಿದೇಶಿ ಹುಡುಗಿಗೆ ಗಾಬರಿ. ಅವರ ಮೇಡಂ ಓಡಿ ಬಂದರು. ಇನ್ನೊಮ್ಮೆ ನೋಡಿದರು. ಅದೇ. ಎಲ್ಲರೂ ಗಂಭೀರರಾದರು. ಅಜ್ಜಿ ಒಬ್ಬಳು ಮಾತ್ರ ಆರಾಮಾಗಿದ್ದಳು. "ಅದ್ ನಂಗೂ ಗೊತ್ತು ಕನವ್ವ. ಓದ್ ತಿಂಗ್ಳೇ ಆಶಾ ಅಕ್ಕ ಬರ್ಕಂಡ್ ಓಗವ್ಳೆ. ಮಾತ್ರೆ ಮುಗ್ದೋಗದೆ, ಅದ್ ಕೊಡಿ."

ಮಾತ್ರೆ ಅವರ ಹತ್ತಿರ ಇರಲಿಲ್ಲ. ಶಿಬಿರ ನಡೆದದ್ದು ಪತ್ತೆ ಹಚ್ಚುವುದಕ್ಕೆ. ಮೊದಲೇ ಪತ್ತೆಯಾಗಿದ್ದ ಬಿ.ಪಿ. ಮತ್ತೊಮ್ಮೆ ಪತ್ತೆಯಾಯಿತು, ಇಂಗ್ಲಿಷಿನಲ್ಲಿ ದಾಖಲೂ ಆಯಿತು. ಅಜ್ಜಿಯ ಕೈಗೆ ಒಂದು ಕಿಟ್ ಬಂತು. ಅದರಲ್ಲಿ ಒಂದು ಸೋಪು, ಉಪ್ಪು ಕಮ್ಮಿ ತಿನ್ನಿ ಎಂದು ಬ್ರಾಕಲಿ ಚಿತ್ರ ಹಾಕಿದ ಇಂಗ್ಲಿಷ್ ಕರಪತ್ರ, ಮತ್ತೊಂದು ಟೂತ್‌ಬ್ರಷ್. ಅಜ್ಜಿಗೆ ಒಂದು ಹಲ್ಲೂ ಇರಲಿಲ್ಲ. "ಮೊಮ್ಮಗಂಗಾಯ್ತದೆ ಬುಡು" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಆ ದುಭಾಷಿ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಂಡ್ಯ ಕಡೆಯವಳು, ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷ. ಬೆಳಿಗ್ಗೆಯಿಂದ ಒಂದು ಇಡೀ ಹಳ್ಳಿಯ ಕಾಯಿಲೆಯನ್ನು ಇಂಗ್ಲಿಷಿಗೂ, ಇಂಗ್ಲಿಷಿನವರ ಸಲಹೆಯನ್ನು ಕನ್ನಡಕ್ಕೂ ಹೊತ್ತು ಹಾಕಿದ್ದಾಳೆ. ಅವಳಿಲ್ಲದಿದ್ದರೆ ಜಗಲಿಯಲ್ಲಿ ಸೇವೆಯೇ ನಡೆಯುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮುಂದೇನಮ್ಮ ಅಂತ ಕೇಳಿದೆ. "ಯುಕೆಗೆ ಟ್ರೈ ಮಾಡ್ತಿದೀನಿ ಸರ್. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೇಲಿ ರೈಟಿಂಗ್ ಹೋಯ್ತು. ಆರು ಬಂದಿದೆ, ಆರೂವರೆ ಬೇಕು."

ಅಂದರೆ ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ ಅರ್ಥ ಮಾಡಿಸುವಷ್ಟು ಇಂಗ್ಲಿಷ್ ಇದೆ, ಇಂಗ್ಲೆಂಡಿಗೆ ಹೋಗುವಷ್ಟು ಇಲ್ಲ!

ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಲೆಕ್ಕ ಹೀಗಿದೆ. ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ ತಲಾ 7, ಬರೆಯುವುದರಲ್ಲಿ 6.5. ನಲವತ್ತು ನಿಮಿಷದಲ್ಲಿ 250 ಪದದ ಪ್ರಬಂಧ ಬರೆಯಬೇಕು. ಮೃಗಾಲಯ ಬೇಕೋ ಬೇಡವೋ ಎಂಬಂಥ ವಿಷಯ ಬರುತ್ತದೆ. ಇಂಜೆಕ್ಷನ್ ಕೊಡುವವಳು ಜಿರಾಫೆಯ ಸ್ವಾತಂತ್ರ್ಯದ ಪರವೋ ವಿರೋಧವೋ ಎಂದು ರೋಗಿ ಯಾವತ್ತು ಕೇಳಿದ್ದನೋ ಗೊತ್ತಿಲ್ಲ. ಒಂದು ಸಲ ಬರೆಯಲು 17,000 ರೂಪಾಯಿಗೆ ಕಮ್ಮಿ ಇಲ್ಲ. ಪಾಸಾದರೂ ಎರಡು ವರ್ಷಕ್ಕೆ ಅವಧಿ ಮುಗಿಯುತ್ತದೆ. ಇಂಗ್ಲಿಷ್ ಹಾಲಿನ ಪ್ಯಾಕೆಟ್ ಇದ್ದಂತೆ, ತಾರೀಕು ನೋಡಿ ಬಳಸಬೇಕು.

ಜರ್ಮನಿಗೆ ಹೋಗುವವರು ಜರ್ಮನ್ ಕಲಿಯಬೇಕು, ಬಿ1, ಬಿ2 ಮಟ್ಟದವರೆಗೆ. ಅದು ನ್ಯಾಯವೇ ಬಿಡಿ. ರೋಗಿ ಏನು ಹೇಳುತ್ತಿದ್ದಾನೆ ಅಂತ ನರ್ಸಿಗೆ ಅರ್ಥವಾಗಬೇಡವೇ? ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬ್ರಿಟನ್ನಿನ ದಾರಿಯಲ್ಲಿ ಭಾಷೆ ದಾಟಿದರೆ ಕಂಪ್ಯೂಟರ್ ಪರೀಕ್ಷೆ. ಅದೂ ದಾಟಿದರೆ ಬ್ರಿಟನ್ನಿಗೇ ಹೋಗಿ ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆ. ಫೀಸು 794 ಪೌಂಡ್. ಅಲ್ಲಿ ಗೊಂಬೆ ರೋಗಿಯ ಮುಂದೆ, ಇಲ್ಲವೇ ರೋಗಿಯ ಪಾತ್ರ ಮಾಡುವ ನಟರ ಮುಂದೆ ನಿಂತು ಹೆಸರು ಹೇಳಿಕೊಳ್ಳಬೇಕು. ಕೈ ತೊಳೆಯಬೇಕು. ಮುಟ್ಟಬಹುದೇ ಅಂತ ಒಪ್ಪಿಗೆ ಕೇಳಬೇಕು. ಪರದೆ ಎಳೆಯಬೇಕು, ರೋಗಿಯ ಮರ್ಯಾದೆ ಮುಖ್ಯ. ಇವೆಲ್ಲ ಒಳ್ಳೆಯ ಪಾಠಗಳೇ, ನನ್ನ ತಕರಾರೇನಿಲ್ಲ. ಆದರೆ ಆ ದೇಶದ ಗೊಂಬೆಗೆ ಸಿಗುವ ಪರದೆ ನಮ್ಮ ಶಾಲೆಯ ಜಗಲಿಯಲ್ಲಿ ಕೂತ ಅಜ್ಜಿಗೆ ಯಾಕೆ ಸಿಗಲಿಲ್ಲ? ಅವಳ ಬಿ.ಪಿ.ಯನ್ನು ಊರಿಗೆ ಊರೇ ನೋಡಿತು. ಅವಳ ಫೋಟೋ ತೆಗೆಯುವ ಮುಂಚೆ ಯಾರೂ ಒಂದು ಮಾತು ಕೇಳಲಿಲ್ಲ.

ಅಮೆರಿಕಕ್ಕೆ ಹೋಗುವ ದಾರಿ ಇನ್ನೂ ಸೊಗಸು. ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಆದರೆ ಭಾರತದ ನರ್ಸುಗಳ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷ ದಾಟಿ ನಿಂತಿದೆ. ಈಗ ಅರ್ಜಿ ಹಾಕಿದವಳು ಮಗಳನ್ನು ಸ್ಕೂಲಿಗೆ ಬಿಟ್ಟು ವೀಸಾ ಇಂಟರ್‌ವ್ಯೂಗೆ ಹೋಗುತ್ತಾಳೆ.

ಗಲ್ಫ್ ದಾರಿಯಲ್ಲಿ ಪರೀಕ್ಷೆಗಿಂತ ಏಜೆಂಟರು ಜಾಸ್ತಿ. 2015ರಲ್ಲಿ ಕೊಚ್ಚಿಯ ಒಂದು ಏಜೆನ್ಸಿಯ ಮೇಲೆ ಸಿಬಿಐ ಕೇಸು ಹಾಕಿತು. ಕುವೈತಿಗೆ ಕಳಿಸಲು ಒಬ್ಬೊಬ್ಬ ನರ್ಸಿನಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಿದ್ದವರು 19.5 ಲಕ್ಷ ತೆಗೆದುಕೊಂಡರು ಎಂಬುದು ಆರೋಪ. ಎರಡು ಸೊನ್ನೆ ಜಾಸ್ತಿ, ಅಷ್ಟೇ. ಔಷಧದ ಡೋಸಿನಲ್ಲಿ ಎರಡು ಸೊನ್ನೆ ಜಾಸ್ತಿಯಾದರೆ ಏನಾಗುತ್ತದೆ ಅಂತ ನರ್ಸುಗಳಿಗೆ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಆ ಪಾಠ ಏಜೆಂಟರ ಸಿಲಬಸ್ಸಿನಲ್ಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಯಾಕಮ್ಮ ಹೋಗುತ್ತೀರಿ, ದೇಶಸೇವೆ ಮಾಡಬಾರದಾ ಅಂತ ವೇದಿಕೆಯ ಮೇಲೆ ಕೇಳುವವರಿದ್ದಾರೆ. ಸಾಮಾನ್ಯವಾಗಿ ಅವರ ಮಕ್ಕಳು ವಿದೇಶದಲ್ಲೇ ಇರುತ್ತಾರೆ. ಉತ್ತರ ಹಳೆಯ ಕಡತದಲ್ಲಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಕೊಡಬಾರದು, 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು ಎಂದಿತು ಸಮಿತಿ. ಜಾರಿಗೆ ತನ್ನಿ ಅಂತ ರಾಜ್ಯಗಳಿಗೆ ಕಾಗದವೂ ಹೋಯಿತು. ಇವತ್ತು ಯಾವುದಾದರೂ ಸಣ್ಣ ನರ್ಸಿಂಗ್ ಹೋಮಿಗೆ ಹೋಗಿ ಈ 20,000ದ ಸುದ್ದಿ ಎತ್ತಿ ನೋಡಿ. ಮಾಲೀಕರ ಬಿ.ಪಿ. ನೋಡಲು ಒಂದು ಶಿಬಿರ ಬೇಕಾಗುತ್ತದೆ. ಬಿಟ್ಟು ಹೋಗುತ್ತೇನೆ ಅಂದವಳ ಒರಿಜಿನಲ್ ಮಾರ್ಕ್ಸ್ ಕಾರ್ಡು ಬೀರುವಿನಲ್ಲಿ ಸಿಕ್ಕಿಕೊಂಡಿರುತ್ತದೆ. 2020ರ ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವು ಸುರಿದಿದ್ದೆವಲ್ಲ, ಆ ಲೆಕ್ಕ ಸಂಬಳಕ್ಕೆ ವಜಾ ಆಯಿತೇನೋ.

ಹಾಗಾದರೆ ನಮ್ಮ ವಿದ್ಯಾರ್ಥಿನಿಯೂ ಎರಡು ವಾರಕ್ಕೆ ಅಲ್ಲಿಗೆ ಹೋಗಿ ಸೇವೆ ಮಾಡಿ ಬರಲಿ ಅಲ್ವಾ? ಅಗತ್ಯವಿರುವ ಜಾಗವೂ ಇದೆ. ಅಮೆರಿಕದ ಟೆನೆಸ್ಸಿಯಲ್ಲಿ ರಿಮೋಟ್ ಏರಿಯಾ ಮೆಡಿಕಲ್ ಎಂಬ ಸಂಸ್ಥೆಯಿದೆ. 1985ರಲ್ಲಿ ಶುರುವಾಗಿದ್ದು, ಗಯಾನದಂಥ ದೂರದ ಕಾಡುಮೇಡಿನ ಜನರಿಗೆ ಚಿಕಿತ್ಸೆ ಕೊಡಲು. ಆಮೇಲೆ ನೋಡಿದರೆ ಸ್ವಂತ ಊರಿನಲ್ಲೇ ಹಲ್ಲುನೋವಿಗೆ ದುಡ್ಡಿಲ್ಲದವರು ಬೇಕಾದಷ್ಟು ಜನ. ಅವರ ಉಚಿತ ಶಿಬಿರಗಳಿಗೆ ಜನ ಹಿಂದಿನ ರಾತ್ರಿಯೇ ಬಂದು ಕಾರಿನಲ್ಲಿ ಮಲಗಿ ಕಾಯುತ್ತಾರೆ. ನಮ್ಮ ಮಂಡ್ಯದ ಹುಡುಗಿ ಅಲ್ಲಿಗೆ ಹೋಗಿ, ಟೆನೆಸ್ಸಿಯ ತಾತನಿಗೆ ಬಿ.ಪಿ. ನೋಡಿ, ಕನ್ನಡದ ಕರಪತ್ರ ಕೊಟ್ಟು, ರಾಗಿ ಗಂಜಿಯ ಮಹಿಮೆ ಹೇಳಿ, ಬಡ ಅಮೆರಿಕನ್ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸೆಲ್ಫಿ ಹಾಕಿದರೆ ಎಷ್ಟು ಚೆನ್ನ!

ಆಗಲ್ಲ. ಪಕ್ಕದ ರಾಜ್ಯದ ಡಾಕ್ಟರು ಬಂದು ಪುಕ್ಕಟೆ ನೋಡುವುದಕ್ಕೇ ಟೆನೆಸ್ಸಿಯಲ್ಲಿ ಕಾನೂನು ಬದಲಾಯಿಸಬೇಕಾಯಿತು. ಇನ್ನು ಇವಳು ವೀಸಾ ಕಿಟಕಿಯ ಮುಂದೆ ನಿಂತು, ಎರಡೇ ವಾರ ಸರ್, ಸೇವೆ ಮಾಡಿ ವಾಪಸ್ ಬಂದುಬಿಡ್ತೀನಿ ಅಂದರೆ ಆತ ನಂಬುವುದುಂಟೇ? ಇಪ್ಪತ್ತೆರಡು ವರ್ಷ, ಮದುವೆಯಾಗಿಲ್ಲ, ನರ್ಸಿಂಗ್ ಓದಿದ್ದಾಳೆ. ಬಂದರೆ ವೃದ್ಧಾಶ್ರಮದ ರಾತ್ರಿ ಪಾಳಿಗೆ ಬಾ, ಇಪ್ಪತ್ತು ವರ್ಷಕ್ಕೆ ಬಾ. ಎರಡು ವಾರದ ಅನುಭವಕ್ಕೆಲ್ಲ ಬರಬೇಡ, ಅದು ನಮ್ಮ ಮಕ್ಕಳಿಗೆ ಇರುವುದು.

ಹಾಗಂತ ವಿದೇಶಿ ವಿದ್ಯಾರ್ಥಿಗಳು ಬರುವುದೇ ಬೇಡ ಎನ್ನುವವನಲ್ಲ ನಾನು. ಬರಲಿ. ವರ್ಷಗಟ್ಟಲೆ ಇದ್ದು ಭಾಷೆ ಕಲಿತು, ಸದ್ದಿಲ್ಲದೆ ದುಡಿದು ಹೋದವರೂ ಇದ್ದಾರೆ. ಅವರಿಗೆ ಯಾರೂ ಪೇಟ ತೊಡಿಸಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಉಳಿದವರಿಗೆ ಒಂದು ಪ್ರವೇಶ ಪರೀಕ್ಷೆ ಇಡೋಣ, ಅಷ್ಟೇ. ರೋಗಿ ಏನು ಹೇಳುತ್ತಿದ್ದಾನೆ ಅಂತ ನರ್ಸಿಗೆ ಅರ್ಥವಾಗಬೇಕು ಎಂದು ಜಗತ್ತೇ ಒಪ್ಪಿದ ಮೇಲೆ ನಾವ್ಯಾಕೆ ಹಿಂದೆ ಬೀಳಬೇಕು?

ಕೇಳುವ ಭಾಗ: ಅಜ್ಜಿಯೊಬ್ಬಳು ಹತ್ತು ನಿಮಿಷ ಮಾತಾಡುತ್ತಾಳೆ. ಮೊದಲ ನಾಲ್ಕು ನಿಮಿಷ ಸೊಸೆ, ಆಮೇಲೆ ಮೂರು ನಿಮಿಷ ಎಮ್ಮೆ, ಎರಡು ನಿಮಿಷ ಪಕ್ಕದ ಗದ್ದೆಯವನ ಬದುವಿನ ಜಗಳ. ಕೊನೆಯ ನಿಮಿಷದಲ್ಲಿ, ಎದ್ದು ಹೋಗುತ್ತಾ, ಎಡಗೈ ಜೋಮು ಹಿಡಿಯುತ್ತದೆ ಅಂತ ಒಂದು ಮಾತು ಹೇಳುತ್ತಾಳೆ. ರೆಕಾರ್ಡಿಂಗ್ ಒಂದೇ ಸಲ ಹಾಕಲಾಗುವುದು. ಓದುವ ಭಾಗ: ಮಳೆಯಲ್ಲಿ ನೆಂದ ತಾಯಿ ಕಾರ್ಡ್ ನೋಡಿ ಹೆರಿಗೆ ದಿನ ಹೇಳಿ. ಮಾತಾಡುವ ಭಾಗ: ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆಗೆ ಕಾಪರ್-ಟಿ ಬಗ್ಗೆ ತಿಳಿಸಿ. ಅತ್ತೆ ನಡುವೆ ಬಾಯಿ ಹಾಕುತ್ತಾಳೆ, ಅದಕ್ಕೂ ಅಂಕವಿದೆ. ಬರೆಯುವ ಭಾಗ: ಬಿ.ಪಿ. ಮಾತ್ರೆ ಖಾಲಿಯಾಗಿದೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಿರಿ. "ಮಾನ್ಯರೇ" ಬಿಟ್ಟರೆ, "ತಮ್ಮ ಆದ್ಯ ಗಮನಕ್ಕೆ ತರಬಯಸುತ್ತೇನೆ" ಇಲ್ಲದಿದ್ದರೆ ಅಂಕ ಕಡಿತ. ಮಾತ್ರೆ ಬರುತ್ತದೋ ಇಲ್ಲವೋ ಎಂಬುದಕ್ಕೂ ಅಂಕಕ್ಕೂ ಸಂಬಂಧವಿಲ್ಲ.

ಪ್ರಾಯೋಗಿಕ ಪರೀಕ್ಷೆ ಉಪಕೇಂದ್ರದಲ್ಲಿ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಅಂತ ಲೆಕ್ಕ. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಸ್ಸಿಲ್ಲದ ಊರಿಗೆ ಹೋಗಿ, ಜ್ವರ ಬರುತ್ತೆ ಅಂತ ಮಗುವನ್ನು ಅಡಗಿಸಿಟ್ಟ ತಾಯಿಯನ್ನು ಒಪ್ಪಿಸಿ, ಚುಚ್ಚಿ, ಬೈಸಿಕೊಂಡು, ಸಂಜೆಯೊಳಗೆ ಮೊಬೈಲಿನಲ್ಲಿ ಎಂಟ್ರಿ ಮಾಡಬೇಕು. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಹುಡುಕುವುದು ಅಭ್ಯರ್ಥಿಯ ಜವಾಬ್ದಾರಿ.

ಪರೀಕ್ಷಕರು ಆಶಾ ಕಾರ್ಯಕರ್ತೆಯರೇ ಆಗಿರಬೇಕು. 2025ರ ಜನವರಿಯ ಚಳಿಯಲ್ಲಿ ಇವರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದವರು. ಫೀಸು ಬ್ರಿಟನ್ನಿನಷ್ಟೇ ಇಡೋಣ, 794 ಪೌಂಡ್. ನಮ್ಮ ದುಡ್ಡಿನಲ್ಲಿ 80,000 ದಾಟುತ್ತದೆ. ಒಬ್ಬಳು ಅಭ್ಯರ್ಥಿ ಪರೀಕ್ಷೆ ಕಟ್ಟಿದರೆ ಒಬ್ಬಳು ಆಶಾಗೆ ಎಂಟು ತಿಂಗಳ ಗೌರವಧನ. ಫೇಲಾದರೆ ಮರುಪರೀಕ್ಷೆಗೆ ಅರ್ಧ ಫೀಸು. ಎಷ್ಟು ಜನ ಫೇಲಾಗಬೇಕು ಎಂಬುದನ್ನು ಆಯಾ ತಾಲ್ಲೂಕಿನ ಆಶಾ ಅಕ್ಕಂದಿರೇ ಕೂತು ತೀರ್ಮಾನಿಸಲಿ.