ತೊಟ್ಟಿ ಮನೆಯವರು ತೊಟ್ಟಿ ಮರೆತದ್ದೇಕೆ?

ಹೊರನಾಡಿನಿಂದ ನೋಡುವಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ನಡುವೆ ಬಯಲು ಅಂಗಳವಿರುವ ತೊಟ್ಟಿ ಮನೆ ಕಟ್ಟಿದ ನಾವು ಸೈಟು ಕಿರಿದಾದ ಕೂಡಲೇ ತೊಟ್ಟಿಯನ್ನೇ ಕೈಬಿಟ್ಟೆವು. ಜಪಾನಿನ ಕ್ಯೋಟೋದವರು ಬಿಡಲಿಲ್ಲ. ಅಲ್ಲಿನ ಮಾಚಿಯಾ ಎಂಬ ಹಳೆಯ ಪೇಟೆಮನೆಗಳು ಎಷ್ಟು ಸಪೂರವೆಂದರೆ ಅವಕ್ಕೆ ‘ಹಾವುಮೀನಿನ ಹಾಸಿಗೆ’ ಎಂದೇ ಹೆಸರು. ಆದರೂ ಒಳಗೊಂದು ತ್ಸುಬೊನಿವಾ, ಅಂದರೆ ಪುಟ್ಟ ಅಂಗಳತೋಟ ಇರುತ್ತದೆ. ಒಂದು ತ್ಸುಬೊ ಅಂದರೆ ಸುಮಾರು 3.3 ಚದರ ಮೀಟರ್, ಎರಡು ಜಪಾನಿ ಚಾಪೆಯ ಜಾಗ.

ಅಕ್ಕಪಕ್ಕದ ಗೋಡೆ ನೆರೆಮನೆಗೆ ಅಂಟಿದ ಸಾಲುಮನೆಗೆ ಬೆಳಕು ಬರುವುದು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ. ಕಿಟಕಿಯ ಮೇಲಂಚು 7 ಅಡಿಯಲ್ಲಿದ್ದರೆ ಒಳ್ಳೆಯ ಬೆಳಕು ಒಳಹೋಗುವುದು ಹೆಚ್ಚೆಂದರೆ 14ರಿಂದ 17 ಅಡಿ. 45 ಅಡಿ ಉದ್ದದ ಮನೆಯ ನಡುಭಾಗಕ್ಕೆ ಮಧ್ಯಾಹ್ನವೂ ಲೈಟು ಬೇಕು. ಹಿತ್ತಲಲ್ಲಿ ಬಿಡುವ ಜಾಗವನ್ನೇ ನಡುವೆ 8×10 ಅಡಿಯ ತೊಟ್ಟಿಯಾಗಿ ತಂದರೆ ಎರಡೂ ಕಡೆಯ ಕೋಣೆಗಳು ಬೆಳಗುತ್ತವೆ.

ಜಪಾನಿನ ವಾಸ್ತುಶಿಲ್ಪಿ ತದಾವೊ ಆಂಡೊ 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಕಟ್ಟಿದ ಸಾಲುಮನೆಯ ನಡುಭಾಗ ಪೂರ್ತಿ ಬಯಲು. ಮಳೆ ಬಂದರೆ ಕೋಣೆಯಿಂದ ಕೋಣೆಗೆ ಕೊಡೆ ಹಿಡಿದೇ ಹೋಗಬೇಕು. ಇಲ್ಲಿ ತೊಟ್ಟಿಯ ಸುತ್ತ ಸೂರಿನಡಿ ಜಗಲಿ ಬಿಡುವ ನಮ್ಮ ಪದ್ಧತಿಯೇ ಮೇಲು. ಕಿರಿದಾದ ಸೈಟಿನಲ್ಲಿ ಸುತ್ತಲೂ ಜಗಲಿ ಇರಬೇಕೆಂದಿಲ್ಲ, ಒಂದು ಪಕ್ಕಕ್ಕೆ 3 ಅಡಿ ಸೂರಿದ್ದರೂ ಸಾಕು.

ಕೆಡುವುದು ನೀರಿನಲ್ಲಿ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 8×10 ಅಡಿಯ ಈ ತೊಟ್ಟಿಗೆ ಬೀಳುವುದು ಸುಮಾರು 370 ಲೀಟರ್. ನೀರು ಹೊರಹೋಗುವ ತೂತಿಗೆ ಹಾಕಿದ ಚಪ್ಪಟೆ ಜಾಲರಿಯ ಮೇಲೆ ಒಂದು ಅಗಲ ಎಲೆ ಅಂಟಿಕೊಂಡರೆ ನೀರು ಅಲ್ಲೇ ನಿಂತಿತು. ತೊಟ್ಟಿ ಒಳನೆಲಕ್ಕಿಂತ 4 ಇಂಚು ತಗ್ಗಿದ್ದರೆ ತುಂಬಿ ಒಳನುಗ್ಗಲು ಎರಡು ಗಂಟೆ. ಬರೀ 1 ಇಂಚಾದರೆ ಅರ್ಧ ಗಂಟೆ! ಆದ್ದರಿಂದ ಗುಮ್ಮಟದಂತೆ ಉಬ್ಬಿದ ಜಾಲರಿ, 4 ಇಂಚಿನ ಪೈಪು, ಅದು ಕಟ್ಟಿಕೊಂಡರೆ ನೀರು ಹೋಗಲು 2 ಇಂಚು ಮೇಲೆ ಇನ್ನೊಂದು ಪೈಪು ಇರಲೇಬೇಕು.

ತೊಟ್ಟಿಯಲ್ಲಿ ಮರ ಬೇಕೆಂದರೆ ನೆಲದ ಮಣ್ಣಿನಲ್ಲೇ ನೆಡಿ. ಸ್ಲ್ಯಾಬಿನ ಮೇಲೆ ಬೇಡ. ನೆನೆದ ಮಣ್ಣು 3 ಅಡಿ ಆಳವಿದ್ದರೆ ಚದರ ಮೀಟರಿಗೆ ಒಂದೂವರೆ ಟನ್ ಮೀರುತ್ತದೆ. ವಾಸದ ಕೋಣೆಯ ಸ್ಲ್ಯಾಬಿಗೆ ಲೆಕ್ಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೊ ಅಷ್ಟೇ. ತಾರಸಿಗೆ 6–8 ಇಂಚು ಮಣ್ಣಿನ ಸಣ್ಣ ಗಿಡ ಸಾಕು, ಅದಕ್ಕೂ ಎಂಜಿನಿಯರ್ ಲೆಕ್ಕ ಬೇಕು. ಆಲ, ಅರಳಿಯಂಥ ಫೈಕಸ್ ಜಾತಿಯ ಮರ ತೊಟ್ಟಿಯ ಹತ್ತಿರವೂ ಬೇಡ, ಬೇರು ಪೈಪಿಗೇ ಹೋಗುತ್ತದೆ.

ಕೊನೆಗೆ ಮಳೆಗೆ ಹೆದರಿ ಪಾಲಿಕಾರ್ಬೊನೇಟ್ ಶೀಟು ಬಿಗಿಯಾಗಿ ಮುಚ್ಚಿಬಿಡುತ್ತಾರೆ. ಬಿಸಿಗಾಳಿಗೆ ಹೋಗಲು ದಾರಿಯಿಲ್ಲದೆ ಮೇಲಿನ ಕೋಣೆ ಕುದಿಯುತ್ತದೆ. ಮುಚ್ಚಲೇಬೇಕೆಂದರೆ ಶೀಟನ್ನು ಪ್ಯಾರಪೆಟ್ಟಿಗಿಂತ ಒಂದೂವರೆ ಅಡಿ ಎತ್ತರಿಸಿ, ನಾಲ್ಕೂ ಕಡೆ 2 ಅಡಿ ಹೊರಚಾಚಿ, ಸುತ್ತಲೂ ತೆರೆದಿಡಿ.